ನರಗುಂದದ ಕೋಟೆ ಮ್ಯಾಲೆ ನಾಲ್ಕು ಗಂಟೆ ಚಹಾ

ಎಲ್ಲ ಶುರುವಾಗಿದ್ದು ಒಂದು ಫೋಟೋದಿಂದ. ಇಂಗ್ಲೆಂಡಿಗೆ ಆನ್‌ಸೈಟ್ ಹೋಗಿರೋ ನಮ್ಮ ಗೆಳತಿ ಯಾವುದೋ ಹಳೇ ಕೋಟೆಯಲ್ಲಿ ಚಹಾ ಕುಡಿಯುವ ಫೋಟೋ ಗ್ರೂಪಿಗೆ ಹಾಕಿದ್ದಳು. ಮೂರು ಅಂತಸ್ತಿನ ತಟ್ಟೆ, ಕಿರುಬೆರಳಷ್ಟು ಸ್ಯಾಂಡ್‌ವಿಚ್, ಸ್ಕೋನ್, ಪಿಂಗಾಣಿ ಕಪ್ಪು. ಬಿಲ್ ಎಷ್ಟಾಯಿತು ಅಂತ ಕೇಳಿದರೆ ನಗುವ ಇಮೋಜಿ ಮಾತ್ರ ಬಂತು. ಅದರ ಕೆಳಗೆ ನರಗುಂದದ ಗೆಳೆಯ ಬರೆದ: "ನಮ್ಮೂರಾಗೂ ಕೋಟೆ ಐತಿ. ಬರ್ರಿ, ಚಾ ನಾ ಕುಡಸ್ತೀನಿ. ಬಿಲ್ ಇಲ್ಲ."

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದು ಎಂಟು ವರ್ಷ ಆಯ್ತು. ನಾಲ್ಕೂ ಜನ ಬೆಂಗಳೂರಲ್ಲೇ ಇದ್ದರೂ ಒಟ್ಟಿಗೆ ಕೂತಿದ್ದು ಮದುವೆಗಳಲ್ಲಿ ಮಾತ್ರ. ಹಾಗಾಗಿ ಜನವರಿಯ ಒಂದು ಶುಕ್ರವಾರ ರಾತ್ರಿ ರೈಲು ಹತ್ತಿದೆವು. ಬೆಳಗ್ಗೆ ಹುಬ್ಬಳ್ಳಿ, ಅಲ್ಲಿಂದ ವಿಜಯಪುರದ ಹೆದ್ದಾರಿಯಲ್ಲಿ ಸುಮಾರು 55 ಕಿಲೋಮೀಟರ್. ರಸ್ತೆಯ ಎರಡೂ ಬದಿ ಎರಿ ಭೂಮಿ, ಬಿಳಿಜೋಳ, ಕಡ್ಲಿ. ಬಯಲಿನ ನಡುವೆ ಒಂದೇ ಒಂದು ಗುಡ್ಡ ಎದ್ದು ನಿಂತಿದೆ. ಅದೇ ನರಗುಂದ.

ಗೆಳೆಯನ ಅವ್ವ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಹಾಕಿ ಮಧ್ಯಾಹ್ನವೇ ನಮ್ಮನ್ನು ಮಲಗಿಸುವ ಹಾಗೆ ಮಾಡಿಬಿಟ್ಟರು. ಮೂರು ಗಂಟೆಗೆ ಥರ್ಮಾಸ್ ತುಂಬಿಸಿ ಕೊಡುವಾಗ, "ಅಷ್ಟ ಎತ್ತರ ಹತ್ತಿ ಚಾ ಕುಡೀಬೇಕೇನು? ಇಲ್ಲೇ ಕಟ್ಟಿ ಮ್ಯಾಲ ಕುಂತು ಕುಡೀರಪಾ" ಅಂದರು. ಅವರು ಹೇಳಿದ್ದು ಸರಿ ಇತ್ತು ಅಂತ ಅರ್ಧ ಗುಡ್ಡ ಹತ್ತಿದಾಗ ಗೊತ್ತಾಯಿತು. ದಿನಕ್ಕೆ ಒಂಬತ್ತು ತಾಸು ಕುರ್ಚಿಯಲ್ಲಿ ಕೂರುವ ಕಾಲುಗಳು ನಮ್ಮವು.

ಮೇಲೆ ಹೋದರೆ ಅರಮನೆ ಸಿಗುತ್ತೆ ಅಂದುಕೊಳ್ಳಬೇಡಿ. ಒಡೆದ ಗೋಡೆ, ಕಲ್ಲು, ಹುಲ್ಲು, ಗಾಳಿ, ಅಷ್ಟೇ. 1674ರಲ್ಲಿ ಶಿವಾಜಿ ಕಟ್ಟಿಸಿದ ಕೋಟೆ ಇದು ಅಂತಾರೆ. ಇದನ್ನು ಈ ಸ್ಥಿತಿಗೆ ತಂದದ್ದು ಕಾಲ ಒಂದೇ ಅಲ್ಲ, 1858ರ ಬಂಡಾಯದ ನಂತರ ಬ್ರಿಟಿಷರೂ ಕೆಡವಿದರು.

ಹಾಳೆ ಹಾಸಿ, ಸ್ಟೀಲ್ ಲೋಟಕ್ಕೆ ಚಹಾ ಹಾಕಿದೆವು. ಬೆಲ್ಲ, ಶುಂಠಿ ಹಾಕಿದ ಗಟ್ಟಿ ಚಹಾ. ಜೊತೆಗೆ ಪೇಟೆಯಿಂದ ಕಟ್ಟಿಸಿಕೊಂಡ ಮಿರ್ಚಿ ಭಜಿ, ಚುರಮರಿ. ಮೂರು ಅಂತಸ್ತಿನ ತಟ್ಟೆಯ ಬದಲು ಮೂರು ಪೇಪರ್ ಪೊಟ್ಟಣ. ಇಂಗ್ಲೆಂಡಿಗೆ ಫೋಟೋ ಹೋಯಿತು. "ಭಜಿ ನೋಡಿ ಅಳು ಬರ್ತಿದೆ" ಅಂತ ಉತ್ತರ ಬಂತು.

ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಚಹಾ ಶುರುವಾದದ್ದು 1840ರ ಸುಮಾರಿಗೆ, ಊಟದ ನಡುವೆ ಹಸಿವಾಗುತ್ತಿದ್ದ ಒಬ್ಬ ಡಚೆಸ್‌ಳಿಂದ ಅನ್ನೋ ಕತೆ ಇದೆ. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾಗಿದ್ದು 1839ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಚಹಾ ಬಂದು ಮುಟ್ಟಿದ್ದು ಇಪ್ಪತ್ತನೇ ಶತಮಾನದಲ್ಲಿ. ಈ ಕೋಟೆಯ ಕೊನೆಯ ದೊರೆ ಬಾಬಾಸಾಹೇಬ ಇಲ್ಲಿ ಕೂತು ಚಹಾ ಕುಡಿದಿರಲಿಕ್ಕಿಲ್ಲ.

ಬಾಬಾಸಾಹೇಬ ಅಂದರೆ ಭಾಸ್ಕರರಾವ್ ಭಾವೆ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರ ಇಟ್ಟುಕೊಂಡಿದ್ದ ಓದುಗ. ಗಂಡು ಮಕ್ಕಳಿರಲಿಲ್ಲ. ದತ್ತು ತಗೊಳ್ಳಲು ಕಂಪನಿ ಸರ್ಕಾರದ ಅನುಮತಿ ಕೇಳಿದ, ಸಿಗಲಿಲ್ಲ. ವಾರಸುದಾರ ಇಲ್ಲದ ಸಂಸ್ಥಾನ ತನ್ನದೇ ಅನ್ನೋದು ಆಗಿನ ಸರ್ಕಾರದ ನೀತಿ. ಅದರ ಮೇಲೆ ಆಯುಧಗಳನ್ನೆಲ್ಲ ಒಪ್ಪಿಸಿ ಅನ್ನೋ ಆದೇಶ ಬೇರೆ. 1858ರ ಮೇ 29ರ ರಾತ್ರಿ ಅವನ ಜನ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಸೈನ್ಯ ಬಂತು, ಕೋಟೆ ಹೋಯಿತು. ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಎಲ್ಲಾ ಸೇರಿ ಎರಡು ವಾರ. ನಮ್ಮ ಒಂದು ಸ್ಪ್ರಿಂಟ್.

ಇದನ್ನೆಲ್ಲ ಹೇಳಿದ್ದು ನರಗುಂದದ ಗೆಳೆಯನೇ. ಹೇಳಿ ಮುಗಿಸಿ ಲೋಟ ತಿರುಗಿಸ್ತಾ ಕೂತ. ಆಮೇಲೆ, "ನಾವೂ ದತ್ತು ತಗೋಳಾಕ ಹೆಸರು ಹಚ್ಚೇವಿ" ಅಂದ.

ನಾವು ಮೂವರೂ ಭಜಿ ಕೈಯಲ್ಲೇ ಹಿಡಿದು ಕೂತೆವು. ಅವನಿಗೆ ಮದುವೆಯಾಗಿ ಆರು ವರ್ಷ. ಡಾಕ್ಟರು, ಇಂಜೆಕ್ಷನ್ನು, ಎರಡು ಸಲ ಐವಿಎಫ್, ಯಾವುದೂ ನಮಗೆ ಗೊತ್ತಿರಲಿಲ್ಲ. ನಾವು ಗ್ರೂಪಿನಲ್ಲಿ "ಯಾವಾಗ್ಲೇ ಸಿಹಿಸುದ್ದಿ?" ಅಂತ ಕೇಳಿದ್ದು ಎಷ್ಟು ಸಲವೋ. ಕಾರಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಎರಡು ವರ್ಷ ಆಗಿದೆ. ಸಮಾಜ ಕಾರ್ಯಕರ್ತೆ ಮನೆಗೆ ಬಂದು ವರದಿ ಬರೆದುಕೊಂಡು ಹೋಗಿದ್ದಾರೆ. ಈಗ ಸರದಿಯ ನಂಬರ್ ನೋಡುವುದೇ ಕೆಲಸ.

"ದಿನಾ ಮುಂಜಾನೆ ಬಿಲ್ಡ್ ಸ್ಟೇಟಸ್ ನೋಡ್ದಂಗ ನೋಡ್ತೀನಿ" ಅಂದ. ನಗಲು ನೋಡಿದ, ಆಗಲಿಲ್ಲ.

"ಅವ್ವಗ?"

"ಹೇಳೇವಿ. ಯಾರ ಕೂಸೋ ಏನೋ ಅಂದ್ಲು. ಎಂಟು ತಿಂಗಳಾತು, ಆ ಮಾತ ಎತ್ತಿಲ್ಲ."

ಏನು ಹೇಳಬೇಕು ತಿಳಿಯಲಿಲ್ಲ. ನಮ್ಮಲ್ಲಿ ಒಬ್ಬ ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದ. ಆರಿತ್ತು. ಅವನು ಕುಡಿದ. ಆ ಪ್ರಶ್ನೆಯನ್ನು ಹೆಚ್ಚು ಸಲ ಕೇಳಿದವನು ನಾನೇ, ಹಾಗಾಗಿ ಇಳಿಯುವಾಗ ಅವನ ಪಕ್ಕ ನಡೆದು ತಪ್ಪಾಯ್ತು ಅಂದೆ. "ಇರಲಿ ಬಿಡಲೇ, ನಿಂಗೇನ್ ಗೊತ್ತಿತ್ತು" ಅಂದ.

ಮಾರನೇ ದಿನ ರೋಣದ ಮೇಲಿಂದ ಗಜೇಂದ್ರಗಡಕ್ಕೆ ಹೊರಟೆವು. ಇದೂ ಒಂದಕ್ಕೊಂದು ಗಂಟು ಬಿದ್ದ ಕತೆಯೇ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿ ಗೆದ್ದು, ಅಲ್ಲಿನ ದೊರೆ ವೆಂಕಟರಾವ್ ಭಾವೆಯನ್ನು ಕಬ್ಬಾಳದುರ್ಗಕ್ಕೆ ಕಳಿಸಿತು. ಅದರಿಂದ ಮರಾಠರಿಗೂ ಮೈಸೂರಿಗೂ ಯುದ್ಧ ಹತ್ತಿಕೊಂಡಿತು. ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಲ್ಲಿ, ನರಗುಂದ, ಕಿತ್ತೂರು, ಬಾದಾಮಿ ವಾಪಸು ಕೊಟ್ಟು. ಬೆಂಕಿ ಒಂದು ಗುಡ್ಡದಲ್ಲಿ ಹತ್ತಿದರೆ ಆರಿದ್ದು ಇನ್ನೊಂದರಲ್ಲಿ. ಅಷ್ಟು ದೂರವನ್ನು ನಾವು ಬೆಳಗಿನ ತಿಂಡಿ ಅರಗುವಷ್ಟರಲ್ಲಿ ದಾಟಿದ್ದೆವು. ಘೋರ್ಪಡೆಗಳ ಕೋಟೆ ನರಗುಂದಕ್ಕಿಂತ ಗಟ್ಟಿಯಾಗಿ ಉಳಿದಿದೆ, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಬಿಸಿಲೇರುವ ಮೊದಲೇ ಹತ್ತಿ, ನೀರು ಒಯ್ಯಿರಿ.

ಒಂದು ಮಾತು ಬಿಟ್ಟೆ. ನರಗುಂದದಿಂದ ಹೊರಡುವಾಗ ಅವ್ವ ಕಾರಿನ ಕಿಟಕಿ ಹತ್ತಿರ ಬಂದು ಮತ್ತೆ ತುಂಬಿಸಿದ ಥರ್ಮಾಸ್ ಕೊಟ್ಟಿದ್ದರು. ಅದರ ಜೊತೆ ಎರಡು ತೆಂಗಿನಕಾಯಿ. "ಕಾಲಕಾಲೇಶ್ವರಗ ಒಡಸ್ಕೊಂಡ್ ಬಾ. ಒಂದ್ ನಿಮ್ಮಿಬ್ಬರ ಹೆಸರಿಂದ." ಇನ್ನೊಂದು ಯಾರ ಹೆಸರಿಂದ ಅಂತ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗುಡ್ಡದ ಮಗ್ಗುಲಿಗಿರುವ ದೇವಸ್ಥಾನದಲ್ಲಿ, ಬೇಸಿಗೆಯಲ್ಲೂ ನೀರು ಬೀಳುವ ಅಂತರಗಂಗೆಯ ಪಕ್ಕ, ಅವನು ಎರಡೂ ಕಾಯಿ ಒಡೆಸಿದ. ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಹಚ್ಚಿದ. ನಾವು ಸ್ವಲ್ಪ ದೂರ ಸರಿದು ಥರ್ಮಾಸ್ ತೆಗೆದು, ನಾಲ್ಕು ಲೋಟಕ್ಕೂ ಹಾಕಿ, ಅವನದನ್ನು ಮುಚ್ಚಿಟ್ಟೆವು.