ಸಿಹಿನೀರಿನ ತೊಟ್ಟಿಯಲ್ಲಿ ಕಡಲ ಮೀನು

ಕಡಲಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರುಗಳು ಹಲವು. ಜಲಧಿ, ವಾರಿಧಿ, ಅಂಬುಧಿ ಮೊದಲಾದವೆಲ್ಲ ನೀರಿನ ರಾಶಿಯನ್ನೇ ಹೇಳುತ್ತವೆ. ಪುರಾಣಗಳು ಎಣಿಸುವ ಸಪ್ತಸಮುದ್ರಗಳಲ್ಲಿ ಜಂಬೂದ್ವೀಪವನ್ನು ಬಳಸಿರುವುದಕ್ಕೆ ಲವಣಸಮುದ್ರವೆಂದು ಹೆಸರು. ರಾಶಿಯೊಂದು ಗುಣ, ಲವಣವೊಂದು ಗುಣ. ಗಾಜಿನ ತೊಟ್ಟಿಯಲ್ಲಿ ಕಡಲ ಮೀನನ್ನು ಸಾಕಬಯಸುವವನು ಈ ಎರಡು ಗುಣಗಳನ್ನೂ ಚೆನ್ನಾಗಿ ಅರಿತಿರಬೇಕು. ಲವಣವನ್ನು ಅಂಗಡಿಯಿಂದ ತರಬಹುದು, ರಾಶಿಯನ್ನು ತರಲಾಗದು. ಈ ವಿದ್ಯೆಯ ಕಷ್ಟವೆಲ್ಲ ಅಡಗಿರುವುದು ಇಲ್ಲಿಯೇ.

ನಮ್ಮ ದಾವಣಗೆರೆ ಬಯಲುಸೀಮೆಯ ಊರು. ಭದ್ರಾ ನಾಲೆಯ ನೀರು, ಕುಂದುವಾಡ ಕೆರೆಯ ನೀರು, ಹರಿಹರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ನೀರು, ಇವೇ ನಮಗೆ ಪರಿಚಿತವಾದ ಜಲಗಳು. ಕಡಲಿಗೂ ನಮಗೂ ನಡುವೆ ಸಹ್ಯಾದ್ರಿ ನಿಂತಿದೆ. ಆದರೂ ಎಂ.ಸಿ.ಸಿ. ಬಡಾವಣೆಯ ಮನೆಗಳ ಪಡಸಾಲೆಗಳಲ್ಲಿ ಗಪ್ಪಿ, ಮಾಲಿ, ಏಂಜಲ್ ಮೀನುಗಳನ್ನು ಸಾಕುವ ಮಕ್ಕಳಿಗೆ, ಕೇಸರಿ ಮೈಯ ಮೇಲೆ ಬಿಳಿಯ ಪಟ್ಟೆಯುಳ್ಳ ಕ್ಲೌನ್ ಮೀನನ್ನು ಚಿತ್ರದಲ್ಲಿ ಕಂಡಾಗ, ಇರುವ ತೊಟ್ಟಿಯಲ್ಲೇ ಇದನ್ನೂ ಸಾಕಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಆಸೆ ತಪ್ಪಲ್ಲ, ಆದರೆ ಅದರ ಹಿಂದೆ ಒಂದು ಜೀವದ ಅಳಿವು ಉಳಿವು ನಿಂತಿದೆ. ಆದಕಾರಣ ಈ ಕಾರ್ಯದ ಕ್ರಮವನ್ನು ಇಲ್ಲಿ ಯಥಾಮತಿ ನಿರೂಪಿಸಲಾಗಿದೆ.

ಎರಡು ನೀರು, ಎರಡು ದೇಹಧರ್ಮ

ಮೀನುಗಳನ್ನು ಅವು ವಾಸಿಸುವ ನೀರಿನಿಂದ ವಿಂಗಡಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ, ಅಲ್ಲಿ ಕಡಲ ಮೀನು, ಹೊಳೆಯ ಮೀನು ಎಂಬ ಭೇದವನ್ನು ಹೇಳಿದೆ. ಈ ಭೇದದ ಕಾರಣವನ್ನು ಇಂದಿನ ವಿಜ್ಞಾನವು ವಿವರಿಸುತ್ತದೆ.

ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಟ್ಟು ಮುದುಡುತ್ತದೆ. ಒಣದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ನೆನೆಸಿದರೆ ಅದು ನೀರು ಹೀರಿ ಉಬ್ಬುತ್ತದೆ. ತೆಳುವಾದ ಪೊರೆಯ ಮೂಲಕ ನೀರು ಕಡಮೆ ಸಾರದ ಕಡೆಯಿಂದ ಹೆಚ್ಚು ಸಾರದ ಕಡೆಗೆ ಹರಿಯುವ ಈ ಕ್ರಿಯೆಗೆ ಅಭಿಸರಣೆ ಎಂದು ಹೆಸರು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಲವಣ ಹೆಚ್ಚು. ಆದ್ದರಿಂದ ಕಿವಿರುಗಳ ಮೂಲಕ ನೀರು ಸದಾ ಒಳಗೆ ನುಗ್ಗುತ್ತದೆ. ಆ ಮೀನು ನೀರನ್ನು ಹೆಚ್ಚು ಕುಡಿಯದೆ, ಹೇರಳವಾಗಿ ಮೂತ್ರ ವಿಸರ್ಜಿಸಿ ಬದುಕುತ್ತದೆ. ಕಡಲ ಮೀನಿನ ಸ್ಥಿತಿ ಇದಕ್ಕೆ ವಿಪರೀತ. ಸುತ್ತಲ ಉಪ್ಪುನೀರು ಅದರ ದೇಹದ ನೀರನ್ನು ಎಳೆದುಕೊಳ್ಳುತ್ತದೆ. ಅದು ಸಮುದ್ರಜಲವನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳ ಮೂಲಕ ಹೊರದೂಡುತ್ತದೆ.

ಇದರಿಂದ ಸಿದ್ಧವಾಗುವ ಮೊದಲ ಸಂಗತಿಯೆಂದರೆ, ತೊಟ್ಟಿಯನ್ನು ಮಾರ್ಪಡಿಸಬಹುದೇ ಹೊರತು ಮೀನನ್ನು ಮಾರ್ಪಡಿಸಲಾಗದು. ಮಾಲಿ ಮೀನಿನಂತಹ ಕೆಲವು ಜಾತಿಗಳು ಮೆಲ್ಲಮೆಲ್ಲನೆ ಉಪ್ಪುನೀರಿಗೆ ಒಗ್ಗಿಕೊಳ್ಳಬಲ್ಲವು, ಅದು ಅಪವಾದ. ಉಳಿದ ಸಿಹಿನೀರಿನ ಮೀನುಗಳಿಗೆ ಮೊದಲು ಬೇರೆ ಮನೆ ಹುಡುಕಬೇಕು. ಸಾಕುವ ಗೆಳೆಯರಿಗೆ ಕೊಡಬಹುದು, ಅಂಗಡಿಗೆ ಮರಳಿಸಬಹುದು. ಕುಂದುವಾಡ ಕೆರೆಗಾಗಲಿ ತುಂಗಭದ್ರೆಗಾಗಲಿ ಬಿಡುವುದು ಮಾತ್ರ ಸಲ್ಲದು. ಹೀಗೆ ಬಿಟ್ಟ ಪರದೇಶದ ಮೀನುಗಳು ಕೆರೆಯ ಸ್ವಂತ ಮೀನುಗಳ ಆಹಾರವನ್ನು ಕಸಿಯುತ್ತವೆ. ತೊಟ್ಟಿಯ ಗಾಜನ್ನು ಶುಚಿ ಮಾಡಲೆಂದು ತರುವ, ಬಾಯಿಂದ ಕಚ್ಚಿಕೊಳ್ಳುವ ಸಕ್ಕರ್ ಮೀನು ಭಾರತದ ಅನೇಕ ಕೆರೆಗಳಲ್ಲಿ ಹಬ್ಬಿ ಉಪದ್ರವಕಾರಿಯಾಗಿರುವುದು ಇದಕ್ಕೆ ನಿದರ್ಶನ. ಬಿಡುಗಡೆಯೆಂದು ನಾವು ಭಾವಿಸುವ ಕಾರ್ಯವು ಕೆರೆಗೆ ಮಾಡುವ ಕೇಡಾಗುತ್ತದೆ.

ಉಳಿಯತಕ್ಕದ್ದು, ತೆಗೆಯತಕ್ಕದ್ದು

ಗಾಜಿನ ತೊಟ್ಟಿ, ಅದನ್ನಿರಿಸಿದ ಮೇಜು, ಗಾಳಿಯ ಪಂಪು, ಉಷ್ಣಮಾಪಕ ಇವು ಉಳಿಯುತ್ತವೆ. ಜಲಸಸ್ಯಗಳು, ಮರದ ಬೇರು, ಬಣ್ಣದ ಕಲ್ಲು, ಹೊಳೆಯ ಜಲ್ಲಿ ಇವುಗಳನ್ನು ತೆಗೆಯಬೇಕು. ಲೋಹದ ಚೌಕಟ್ಟಿನ ಹಳೆಯ ತೊಟ್ಟಿಯಾದರೆ ಉಪ್ಪುನೀರಿಗೆ ತುಕ್ಕು ಹಿಡಿಯುವುದರಿಂದ ಅದು ನಿರುಪಯುಕ್ತ. ಹಿಂದೆ ಮೀನಿನ ರೋಗಕ್ಕೆಂದು ತಾಮ್ರ ಬೆರೆತ ಔಷಧವನ್ನು ಹಾಕಿದ್ದರೆ, ಆ ತಾಮ್ರದ ಅಂಶ ಜಲ್ಲಿಯಲ್ಲಿಯೂ ಅಂಟಿನಲ್ಲಿಯೂ ಉಳಿದು, ಮುಂದೆ ಸೀಗಡಿ ಮೊದಲಾದ ಅಕಶೇರುಕಗಳನ್ನು ಕೊಲ್ಲಬಹುದು. ತೊಳೆಯುವಾಗ ಸಾಬೂನನ್ನು ಬಳಸಬಾರದು.

ತೊಟ್ಟಿ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು. ಸಣ್ಣ ತೊಟ್ಟಿಯನ್ನು ನಿಭಾಯಿಸುವುದು ಸುಲಭವೆಂಬುದು ಲೋಕರೂಢಿಯ ಭ್ರಮೆ. ಸಮುದ್ರವು ಅಪಾರವಾದುದರಿಂದ ಅಲ್ಲಿ ಉಷ್ಣವಾಗಲಿ ಲವಣವಾಗಲಿ ಒಮ್ಮೆಲೇ ಏರಿಳಿಯುವುದಿಲ್ಲ. ಅದರ ಮೀನುಗಳು ಏರುಪೇರನ್ನು ತಾಳಲಾರವು. ನೀರು ಕಡಮೆಯಾದಷ್ಟೂ ಏರುಪೇರು ಹೆಚ್ಚು. ಹೊಸಬರಿಗೆ 100 ಲೀಟರಿಗಿಂತ ಸಣ್ಣ ತೊಟ್ಟಿ ಬೇಡ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ಗಾತ್ರ ಸುಮಾರು 190 ಲೀಟರ್. ಮರಳು, ಕಲ್ಲು, ಮೇಲಿನ ತೆರಪನ್ನು ಕಳೆದರೆ ಸುಮಾರು 160 ಲೀಟರ್ ನೀರು ಹಿಡಿಯುತ್ತದೆ. ಇದು ಆರಂಭಕ್ಕೆ ಯೋಗ್ಯ.

ನೀರನ್ನು ಕಡಲಾಗಿಸುವ ಬಗೆ

ಕಡಲಿನಿಂದ ದೂರವಿರುವ ಊರಿನಲ್ಲಿ ಕಡಲ ಜೀವಿಗಳನ್ನು ಸಾಕಬಹುದೆಂಬುದನ್ನು ಮೊದಲು ತೋರಿಸಿದವರಲ್ಲಿ ಲಂಡನ್ನಿನ ಅನ್ನಾ ಥಿನ್ ಎಂಬ ಮಹಿಳೆ ಮುಖ್ಯಳು. ಆಕೆ 1846ರಲ್ಲಿ ಹವಳದ ಜೀವಿಗಳನ್ನು ಮನೆಗೆ ತಂದು ಬದುಕಿಸಿಕೊಂಡಳು. ನೀರಿಗೆ ಗಾಳಿ ಬೆರೆಯಲೆಂದು ಮನೆಯ ಸೇವಕಿ ಕಿಟಕಿಯ ಬಳಿ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಬಹಳ ಹೊತ್ತು ಸುರಿಯುತ್ತಿದ್ದಳಂತೆ. ಇಂದು ಆ ಸೇವೆಯನ್ನು ಪಂಪು ಮಾಡುತ್ತದೆ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿತಜ್ಞನು ಕೃತಕ ಸಮುದ್ರಜಲವನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದನು.

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದು ಅಡಿಗೆಯ ಉಪ್ಪು ಮಾತ್ರವಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಂಧಕದ ಲವಣಗಳೂ ನಿಯತ ಪ್ರಮಾಣದಲ್ಲಿ ಸೇರಿರುತ್ತವೆ. ಆದ್ದರಿಂದ ಅಡಿಗೆಮನೆಯ ಉಪ್ಪು ಇಲ್ಲಿ ಒದಗದು. ಮತ್ಸ್ಯಾಲಯಕ್ಕೆಂದೇ ತಯಾರಿಸಿದ ಸಮುದ್ರಲವಣವನ್ನು ಕೊಳ್ಳಬೇಕು. 160 ಲೀಟರಿಗೆ ಸುಮಾರು 5.6 ಕಿಲೋ ಬೇಕಾಗುತ್ತದೆ.

ಉಪ್ಪನ್ನು ಬೆರೆಸುವ ನೀರು ಶುದ್ಧವಾಗಿರಬೇಕು. ಕೊಳವೆಬಾವಿಯ ನೀರು ಗಡುಸು. ನಲ್ಲಿಯ ನೀರಿನಲ್ಲಿ ರೋಗಾಣುನಾಶಕ್ಕೆಂದು ಬೆರೆಸಿದ ಕ್ಲೋರಿನ್ ಮೀನಿಗೆ ವಿಷ. ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ದೊರೆಯುವ ಆರ್.ಓ. ನೀರು ನಮ್ಮ ಊರಿನವರಿಗೆ ಅನುಕೂಲ. ನೀರಿಗೆ ಉಪ್ಪನ್ನು ಬೆರೆಸಿ, ಪಂಪಿನಿಂದ ಒಂದು ಹಗಲು ಒಂದು ರಾತ್ರಿ ಕಲಕುತ್ತಿರಬೇಕು. ಅನಂತರ ಹೈಡ್ರೋಮೀಟರಿನಿಂದ ಸಾಪೇಕ್ಷ ಸಾಂದ್ರತೆಯನ್ನು ಅಳೆಯಬೇಕು, ಅದು 1.023ರಿಂದ 1.025ರವರೆಗೆ ಇದ್ದರೆ ಸರಿ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಮನಗಾಣಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. 160 ಲೀಟರಿನಲ್ಲಿ 16 ಲೀಟರ್ ಆರಿಹೋದರೆ ಉಳಿದ 144 ಲೀಟರಿನಲ್ಲಿ ಅದೇ 5,600 ಗ್ರಾಂ ಉಪ್ಪಿರುತ್ತದೆ; ಅಂದರೆ ಲೀಟರಿಗೆ 35 ಗ್ರಾಂ ಇದ್ದುದು ಸುಮಾರು 39 ಗ್ರಾಂ ಆಗುತ್ತದೆ. ಆದ್ದರಿಂದ ಆರಿದ ಕೊರತೆಯನ್ನು ಪ್ರತಿದಿನವೂ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಕೊಳೆ ನೀರನ್ನು ತೆಗೆದು ಹೊಸದನ್ನು ಹಾಕುವಾಗ ಮಾತ್ರ ಉಪ್ಪುನೀರು.

ದಾವಣಗೆರೆಯ ಬೇಸಗೆ ಈ ತೊಟ್ಟಿಯ ದೊಡ್ಡ ಶತ್ರು. ಕಡಲ ಮೀನಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣ ಹಿತ. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಗಾಳಿಯ ಉಷ್ಣವೇ 40ರ ಸಮೀಪಕ್ಕೆ ಹೋಗುತ್ತದೆ. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. 25 ಡಿಗ್ರಿಯಲ್ಲಿ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿದರೆ, ಕಡಲ ನೀರಿನಲ್ಲಿ 7 ಮಿಲಿಗ್ರಾಮಿಗಿಂತಲೂ ಕಡಮೆ. ತೊಟ್ಟಿಯನ್ನು ಬಿಸಿಲು ಬೀಳದ ಕೋಣೆಯಲ್ಲಿರಿಸಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ಬೀಸುವಂತೆ ಮಾಡಿದರೆ ಎರಡು ಮೂರು ಡಿಗ್ರಿ ತಗ್ಗುತ್ತದೆ. ಮಣ್ಣಿನ ಗಡಿಗೆ ನೀರನ್ನು ತಂಪಾಗಿಸುವ ತತ್ತ್ವವೇ ಇದು. ವಿದ್ಯುತ್ತು ನಿಂತಾಗ ನಡೆಯುವಂತೆ ಬ್ಯಾಟರಿಯ ಗಾಳಿಪಂಪು ಒಂದಿರಲೇಬೇಕು.

ಕಾಣದ ಕಾಯಕಜೀವಿಗಳು

ನೀರು ಸಿದ್ಧವಾದ ಕೂಡಲೇ ಮೀನನ್ನು ಬಿಡುವುದು ಹೊಸಬರು ಮಾಡುವ ಘೋರ ಪ್ರಮಾದ. ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಅಮೋನಿಯ, ನೈಟ್ರೈಟ್ ವಿಷಗಳು. ನೈಟ್ರೇಟು ಮಿತಿಯಲ್ಲಿದ್ದರೆ ಸಹ್ಯ. ಕಡಲ ನೀರು ಕ್ಷಾರಗುಣವುಳ್ಳದ್ದು, ಅದರ ಪಿ.ಎಚ್. 8.0ರಿಂದ 8.4, ಅಂತಹ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ತೀಕ್ಷ್ಣ. ಹಳೆಯ ತೊಟ್ಟಿಯಲ್ಲಿ ನೆಲೆಸಿದ್ದ ಸಿಹಿನೀರಿನ ಬ್ಯಾಕ್ಟೀರಿಯಗಳು ಉಪ್ಪುನೀರಿನಲ್ಲಿ ಕೆಲಸಕ್ಕೆ ಬಾರವೆಂದೇ ತಿಳಿದು, ಕಡಲ ನೀರಿನವು ಹೊಸದಾಗಿ ಬೆಳೆಯುವವರೆಗೆ ಕಾಯಬೇಕು.

ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಬಿಟ್ಟರೆ ಅಮೋನಿಯ ಹುಟ್ಟಿ ಈ ಜೀವಿಗಳಿಗೆ ಆಹಾರವಾಗುತ್ತದೆ. ಪರೀಕ್ಷಾ ದ್ರಾವಣಗಳಿಂದ ವಾರಕ್ಕೆರಡು ಬಾರಿ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಶೂನ್ಯವಾಗಿ ನೈಟ್ರೇಟು ಮಾತ್ರ ಕಂಡಾಗ ತೊಟ್ಟಿ ಪಕ್ವವಾಯಿತೆಂದು ತಿಳಿಯಬೇಕು. ಇದಕ್ಕೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಬರಿಯ ನೀರನ್ನು ನೋಡುತ್ತ ಕುಳಿತುಕೊಳ್ಳುವ ಈ ಅವಧಿಯೇ ಸಾಕುವವನ ನಿಜವಾದ ಪರೀಕ್ಷೆ. ಕಣ್ಣಿಗೆ ಕಾಣದೆ, ಹೆಸರು ಬಯಸದೆ ದುಡಿಯುವ ಈ ಜೀವಿಗಳ ಕಾಯಕದ ಮೇಲೆಯೇ ಕಾಣುವ ಮೀನಿನ ಚೆಲುವೆಲ್ಲ ನಿಂತಿದೆ.

ಯಾವುದು ಸಲ್ಲದು, ಯಾವುದು ಸಲ್ಲುವುದು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಾಚೆ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಹವಳಗಳೂ ಅವುಗಳ ಆಶ್ರಯದಲ್ಲಿ ಬಣ್ಣಬಣ್ಣದ ಮೀನುಗಳೂ ಬಾಳುತ್ತಿವೆ. ಪ್ರವಾಸ ಹೋದವರು ಅಲ್ಲಿಂದಾಗಲಿ ಬೇರೆ ತೀರದಿಂದಾಗಲಿ ಹವಳದ ತುಂಡನ್ನು ತೊಟ್ಟಿಯ ಅಲಂಕಾರಕ್ಕೆಂದು ತರುವುದು ಶಿಕ್ಷಾರ್ಹ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನೂ ಸಮುದ್ರಕುದುರೆಗಳನ್ನೂ ಸೇರಿಸಲಾಯಿತು. ಆದಕಾರಣ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ತೊಟ್ಟಿಯ ತಳಕ್ಕೆ ಸುಣ್ಣದಂಶವುಳ್ಳ ಚಿಪ್ಪಿನ ಮರಳು, ಅಡಗುತಾಣಕ್ಕೆ ಸುಟ್ಟ ಮಣ್ಣಿನ ರಂಧ್ರಮಯ ತುಂಡುಗಳು ಸಾಕು.

ಮೀನಿನ ವಿಷಯದಲ್ಲಿಯೂ ವಿವೇಕ ಬೇಕು. ಕಡಲ ಅಲಂಕಾರ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದು ತಂದವು. ಫಿಲಿಪ್ಪೀನ್ಸ್ ಮೊದಲಾದೆಡೆ ಸಯನೈಡ್ ವಿಷವನ್ನು ಚಿಮುಕಿಸಿ ಮೀನನ್ನು ಮೂರ್ಛೆಗೊಳಿಸಿ ಹಿಡಿದ ಕ್ರೂರ ಪದ್ಧತಿಯೂ ಉಂಟು. ಇದಕ್ಕೆ ಪರಿಹಾರವೆಂದರೆ ಸಂವರ್ಧನ ಕೇಂದ್ರಗಳಲ್ಲಿ ಮರಿಮಾಡಿಸಿದ ಮೀನು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ಸಿದ್ಧಪಡಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಇಂತಹ ಒಂದು ಜೋಡಿಯೇ ಆರಂಭಕ್ಕೆ ಯುಕ್ತ. ಕಡಲಿನಲ್ಲಿ ಅದು ಕಡಲಹೂವಿನ ಆಶ್ರಯದಲ್ಲಿರುವುದಾದರೂ, ತೊಟ್ಟಿಯಲ್ಲಿ ಅದಿಲ್ಲದೆಯೇ ಸುಖವಾಗಿರುತ್ತದೆ.

ತಂದ ಮೀನನ್ನು ಚೀಲದ ನೀರಿನೊಡನೆ ಪಾತ್ರೆಯಲ್ಲಿರಿಸಿ, ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಸುಮಾರು ಒಂದು ಗಂಟೆ ಬೆರೆಸಿ, ಅನಂತರ ಮೀನನ್ನು ಮಾತ್ರ ತೊಟ್ಟಿಗೆ ಬಿಡಬೇಕು. ದಿನಕ್ಕೆ ಎರಡು ಬಾರಿ, ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಸಾಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ, ಎಂದರೆ 16 ಲೀಟರ್ ನೀರನ್ನು ಬದಲಿಸಬೇಕು. ಅದಕ್ಕೆ 560 ಗ್ರಾಂ ಉಪ್ಪು. ತೆಗೆದ ನೀರನ್ನು ಗಿಡಗಳ ಬುಡಕ್ಕೆ ಸುರಿಯಬಾರದು; ಉಪ್ಪು ಬೇರನ್ನು ಸುಡುತ್ತದೆ. ಮತ್ತೊಂದು ಸಣ್ಣ ಮೀನನ್ನು ಸೇರಿಸುವುದಾದರೆ ತಿಂಗಳು ಕಳೆದ ಮೇಲೆ. ಒಟ್ಟು ಮೂರು ನಾಲ್ಕನ್ನು ಮೀರದಿರಲಿ.

ಕ್ಲೌನ್ ಮೀನು ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಗಿಲಾಗಿ ಬಾಳುತ್ತದೆ. ಎಂಟನೆಯ ತರಗತಿಯ ಬಾಲಕನು ಇಂದು ತಂದ ಮೀನು, ಅವನು ಪದವಿ ಮುಗಿಸಿ ಉದ್ಯೋಗಕ್ಕೆ ಸೇರುವ ಕಾಲದಲ್ಲಿಯೂ ಆಹಾರಕ್ಕಾಗಿ ಗಾಜಿನ ಬಳಿಗೆ ಬರುತ್ತಿರಬಹುದು. ಪರೀಕ್ಷೆಯ ದಿನಗಳಲ್ಲಿ, ಊರಿಗೆ ಹೋದ ರಜೆಯಲ್ಲಿ, ಕಾಲೇಜಿಗೆಂದು ಬೇರೆ ಊರು ಸೇರಿದ ಮೇಲೆ ಇದರ ಹೊಣೆ ಯಾರದು ಎಂಬುದನ್ನು ತಂದೆತಾಯಿಗಳೊಡನೆ ಕುಳಿತು ಮೊದಲೇ ನಿಶ್ಚಯಿಸಬೇಕು. ಅಷ್ಟು ವ್ಯವಧಾನವಿಲ್ಲದವರು ಇರುವ ಗಪ್ಪಿ, ಮಾಲಿಗಳನ್ನೇ ಚೆನ್ನಾಗಿ ಸಾಕುವುದು ಶ್ರೇಯಸ್ಕರ. ಅದರಿಂದ ಯಾವ ಕೀಳ್ಮೆಯೂ ಇಲ್ಲ. ವ್ಯವಧಾನವುಳ್ಳವರು ಲವಣವನ್ನು ಅಳೆದು ಬೆರೆಸಲಿ. ಸಮುದ್ರದ ರಾಶಿ ಮಾಡುವ ರಕ್ಷಣೆಯನ್ನು ಆ ಸಣ್ಣ ತೊಟ್ಟಿಯಲ್ಲಿ ಮಾಡತಕ್ಕದ್ದು ಸಾಕುವವನ ನಿತ್ಯದ ಎಚ್ಚರವೇ ಆಗಿದೆ.