ಹಳೆಯ ಮೋಟಾರಿನಲ್ಲಿ ಎಲೆಕ್ಟ್ರಾನಿಕ್ ಕಿಡಿ: ಕಾಲನಿರ್ಣಯದ ದೋಷಗಳನ್ನು ಕುರಿತು

ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹಾರಬೇಕಾದ ಗಳಿಗೆಯನ್ನು ಸೆಕೆಂಡುಗಳಲ್ಲಿ ಹೇಳುವ ವಾಡಿಕೆಯಿಲ್ಲ. ಕ್ರ್ಯಾಂಕ್ ದಂಡವು ತಿರುಗಿದ ಕೋನದಲ್ಲಿ ಹೇಳುವುದು ವಾಡಿಕೆ. ಇದಕ್ಕೆ ಕಾರಣವಿದೆ. ದಂಡವು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 18,000 ಡಿಗ್ರಿ ಕ್ರಮಿಸುತ್ತದೆ. ಸಿಲಿಂಡರಿನೊಳಗಣ ಮಿಶ್ರಣವು ಹತ್ತಿ ಉರಿಯಲು ಸೆಕೆಂಡಿನ ಐನೂರನೆಯ ಒಂದು ಪಾಲು ಬೇಕೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ದಂಡವು 36 ಡಿಗ್ರಿ ತಿರುಗಿರುತ್ತದೆ. ಪಿಸ್ಟನ್ನು ಮೇಲ್ತುದಿಯನ್ನು ದಾಟಿದ ಸ್ವಲ್ಪದರಲ್ಲಿಯೇ ಒತ್ತಡವು ಶಿಖರವನ್ನು ಮುಟ್ಟಬೇಕಾದುದರಿಂದ, ಅದು ಇನ್ನೂ ಮೇಲೇರುತ್ತಿರುವಾಗಲೇ ಕಿಡಿಯನ್ನು ಹಾರಿಸಬೇಕಾಗುತ್ತದೆ. ಈ ಮುಂಗಡವು ಅತಿಯಾದರೆ ಗ್ಯಾರೇಜಿನವರು ನಾಕಿಂಗ್ ಎಂದು ಕರೆಯುವ ಸದ್ದು ಹುಟ್ಟಿ, ಕ್ರಮೇಣ ಪಿಸ್ಟನ್ನೇ ಒಡೆಯಬಹುದು. ಕಡಮೆಯಾದರೆ ಶಕ್ತಿ ಕುಂದಿ ಎಂಜಿನು ವೃಥಾ ಕಾಯುತ್ತದೆ.

ನಮ್ಮ ನಾಡಿನಲ್ಲಿ ಹಳೆಯ ಕಾರೆಂದರೆ ಮೊದಲು ನೆನಪಾಗುವುದು 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್. ಅದರ 1489 ಘನ ಸೆಂಟಿಮೀಟರಿನ ಎಂಜಿನಿನಲ್ಲಿ ವಿತರಕದ ಒಳಗಿನ ಒಂದು ಜೊತೆ ಪಾಯಿಂಟುಗಳು ತೆರೆದಾಗ ಕಾಯಿಲಿನಿಂದ ಕಿಡಿ ಹೊರಡುತ್ತಿತ್ತು. ಪಾಯಿಂಟುಗಳು ಸುಟ್ಟು ಸವೆಯುತ್ತವೆ. ಆದುದರಿಂದ ಇಂದು ಅವನ್ನು ಕಿತ್ತು, ಆಯಸ್ಕಾಂತದ ಬಳೆಯೊಂದನ್ನೂ ಅದರ ಸುಳಿವನ್ನು ಹಿಡಿಯುವ ಸಂವೇದಕವೊಂದನ್ನೂ ಕೂರಿಸುವುದು ರೂಢಿಯಾಗಿದೆ. ಇದರೊಡನೆ ಸಿಲಿಂಡರಿನ ತಲೆಯನ್ನು ಉಜ್ಜಿ ಸಂಪೀಡನವನ್ನು ಹೆಚ್ಚಿಸುವವರೂ, ಬೇರೆ ಕಾರ್ಬುರೇಟರನ್ನು ಜೋಡಿಸುವವರೂ ಉಂಟು. ಹೀಗೆ ಮಾಡಿದ ಮೇಲೆ ಕಾಲನಿರ್ಣಯವು ತಾನೇ ಸರಿಹೋಯಿತೆಂದು ಅನೇಕರು ಭಾವಿಸುತ್ತಾರೆ. ಇದು ಭ್ರಮೆ. ಬದಲಾದದ್ದು ಸ್ವಿಚ್ಚು ಮಾತ್ರ. ವೇಗಕ್ಕೆ ತಕ್ಕಂತೆ ಮುಂಗಡವನ್ನು ಹೆಚ್ಚಿಸುವ ತೂಕದ ಬಿಲ್ಲೆಗಳು, ಅವುಗಳ ಸ್ಪ್ರಿಂಗುಗಳು, ಭಾರಕ್ಕೆ ತಕ್ಕಂತೆ ಅದನ್ನು ತಿದ್ದುವ ನಿರ್ವಾತದ ಡಬ್ಬಿ, ಇವೆಲ್ಲವೂ ಹಳೆಯವೇ.

ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಇಂಥ ಕಾರೊಂದು ಕನಕಪುರದಿಂದ ಹೊರಟು ರಾಮನಗರವನ್ನು ಹಾದು ಮಾಗಡಿಗೆ ಏರುತ್ತದೆ. ಚಡಾವಿನಲ್ಲಿ ಎಂಜಿನು ಕುಟ್ಟುತ್ತದೆ. ಚಾಲಕನು ಎತ್ತರದ ತೆಳುಗಾಳಿಯನ್ನು ದೂರುತ್ತಾನೆ. ಮೆಕ್ಯಾನಿಕ್ಕನು ವಿತರಕವನ್ನು ಅಂದಾಜಿನಲ್ಲಿ ಹಿಂದಕ್ಕೆ ತಿರುಗಿಸುತ್ತಾನೆ. ಇಬ್ಬರೂ ತಪ್ಪಿದ್ದಾರೆ. ಕನಕಪುರವು ಸಮುದ್ರಮಟ್ಟದಿಂದ 640 ಮೀಟರಿನ ಸುಮಾರಿನಲ್ಲಿದೆ, ಮಾಗಡಿ 900 ಮೀಟರಿಗೂ ಸ್ವಲ್ಪ ಮೇಲಿದೆ. ಈ ಅಂತರದಲ್ಲಿ ಗಾಳಿಯ ಒತ್ತಡವು ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಒತ್ತಡವಿಳಿದರೆ ಸಿಲಿಂಡರಿಗೆ ಬರುವ ಮಿಶ್ರಣವೂ ಕಡಮೆಯಾಗುವುದರಿಂದ ನಾಕಿಂಗ್ ತಗ್ಗಬೇಕೇ ಹೊರತು ಹೆಚ್ಚಬಾರದು. ಮಾಗಡಿಯಲ್ಲಿ ಕಿವಿಯ ಅಳತೆಗೆ ಕೂರಿಸಿದ ಎಂಜಿನು ಕನಕಪುರಕ್ಕಿಳಿದಾಗ ಕುಟ್ಟಿದರೆ ಅದು ನ್ಯಾಯ; ಏರುವಾಗ ಕುಟ್ಟಿದರೆ ಎತ್ತರದ ಮೇಲೆ ದೋಷ ಹೊರಿಸುವಂತಿಲ್ಲ.

ಹಾಗಾದರೆ ಚಡಾವಿನಲ್ಲಿ ನಡೆದದ್ದೇನು? ಥ್ರಾಟಲ್ ಪೂರ್ತಿ ತೆರೆದಾಗ ನಿರ್ವಾತವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಡಬ್ಬಿಯು ಆಗ ಮುಂಗಡವನ್ನೇನೂ ಸೇರಿಸುತ್ತಿಲ್ಲ. ಆದುದರಿಂದ ಏರಿನಲ್ಲಿ ಮಾತ್ರ ಕುಟ್ಟುವ ಎಂಜಿನಿನಲ್ಲಿ ದೋಷವನ್ನು ಸಡಿಲಗೊಂಡ ಸ್ಪ್ರಿಂಗುಗಳಲ್ಲಿ, ಹೆಚ್ಚಿಸಿದ ಸಂಪೀಡನದಲ್ಲಿ, ಇಲ್ಲವೆ ಮೂಲ ಮುಂಗಡದಲ್ಲಿ ಹುಡುಕಬೇಕು. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಓಡುವಾಗ ಕುಟ್ಟಿ, ನಿರ್ವಾತದ ಕೊಳವೆಯನ್ನು ಕಳಚಿ ಮುಚ್ಚಿದೊಡನೆ ಸದ್ದು ನಿಂತರೆ ಡಬ್ಬಿಯೇ ಅಪರಾಧಿ.

ಆದರೆ ಇದಾವುದಕ್ಕೂ ಮೊದಲು ನಮ್ಮ ಸೊನ್ನೆ ನಿಜವಾದ ಸೊನ್ನೆಯೇ ಎಂಬುದನ್ನು ಸಾಧಿಸಿಕೊಳ್ಳಬೇಕು. ಎಷ್ಟೋ ಎಂಜಿನುಗಳಲ್ಲಿ ಕಿಡಿ ಸರಿಯಿದ್ದು ಅಳತೆಗೋಲೇ ತಪ್ಪಿರುತ್ತದೆ. ಬೇರೊಂದು ಕಾರಿನಿಂದ ತಂದ ರಾಟೆ, ರಬ್ಬರಿನಿಂದ ಬೆಸೆದ ಎರಡು ಬಳೆಗಳಲ್ಲಿ ಹೊರಬಳೆ ಜಾರಿಹೋದ ರಾಟೆ, ಇವುಗಳ ಮೇಲಿನ ಗುರುತನ್ನು ನಂಬುವುದು ಕಾಲು ಮುರಿದ ತಕ್ಕಡಿಯನ್ನು ನಂಬಿದಂತೆ. ಪ್ಲಗ್ಗಿನ ರಂಧ್ರದಲ್ಲಿ ಕಡ್ಡಿಯಿಟ್ಟು ಪಿಸ್ಟನ್ನಿನ ಮೇಲ್ತುದಿಯನ್ನು ಕಣ್ಣಳತೆಯಿಂದ ನಿಶ್ಚಯಿಸುವುದೂ ಸಾಲದು. ತುದಿಯ ಬಳಿ ದಂಡವು ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಅಲುಗಿದಂತೆಯೇ ತೋರುವುದಿಲ್ಲ. ಸರಿಯಾದ ಕ್ರಮ ಬೇರೆ. ಬ್ಯಾಟರಿಯನ್ನು ಕಳಚಿ, ಪ್ಲಗ್ಗುಗಳನ್ನೆಲ್ಲ ತೆಗೆದು, ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಪಿಸ್ಟನ್ನನ್ನು ತುದಿಗೆ ಮುಂಚೆಯೇ ತಡೆಯುವ ಒಂದು ನಿಲುಗಡೆ ಬೋಲ್ಟನ್ನು ತಿರುಪಬೇಕು. ದಂಡವನ್ನು ಕೈಯಿಂದ ನಿಧಾನವಾಗಿ ಒಂದು ದಿಕ್ಕಿಗೆ ತಿರುಗಿಸಿ, ತಡೆದಲ್ಲಿ ರಾಟೆಯ ಮೇಲೆ ಗೀಟು ಹಾಕಬೇಕು. ಪ್ರತಿದಿಕ್ಕಿಗೆ ತಿರುಗಿಸಿ ಇನ್ನೊಂದು ಗೀಟು. ಎರಡು ಗೀಟುಗಳ ನಡುಬಿಂದುವೇ ಮೇಲ್ತುದಿ. ಕಾಲು ಗಂಟೆಯ ಕೆಲಸ. ಇದನ್ನು ಮಾಡದೆ ದಿನಗಳನ್ನು ಕಳೆದವರಿದ್ದಾರೆ.

ಸೊನ್ನೆ ಸಿಕ್ಕಮೇಲೆ ನಿರ್ವಾತದ ಕೊಳವೆಯನ್ನು ಮುಚ್ಚಿ, ಟೈಮಿಂಗ್ ದೀಪದಿಂದ ನಿಧಾನಗತಿಯಲ್ಲೊಮ್ಮೆ, 3000 ಸುತ್ತಿನಲ್ಲೊಮ್ಮೆ ಮುಂಗಡವನ್ನು ಓದಬೇಕು. ವೇಗ ಹೆಚ್ಚಿದರೂ ಅಂಕಿ ಏರದಿದ್ದರೆ ಬಿಲ್ಲೆಗಳು ತುಕ್ಕುಹಿಡಿದಿವೆ. ಏರುವ ಬದಲು ಹಿಂದೆ ಸರಿದರೆ, ಸುರುಳಿಯುಳ್ಳ ಕಾಂತೀಯ ಸಂವೇದಕದ ಎರಡು ತಂತಿಗಳು ಅದಲುಬದಲಾಗಿರುವ ಸಂಭವವುಂಟು. ಗುರುತು ಒಂದೆಡೆ ನಿಲ್ಲದೆ ನಡುಗಿದರೆ ವಿತರಕದ ದಂಡವೇ ಓಲಾಡುತ್ತಿರಬಹುದು. ಚನ್ನಪಟ್ಟಣದಲ್ಲಿ ಬೊಂಬೆಯ ಕಡೆತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ತಿರುಗುವ ಹಾಲೆಮರದ ತುಂಡು ನಡುತಪ್ಪಿದ್ದರೆ ಅರಗಿನ ಕಡ್ಡಿಯು ಒಂದು ಮಗ್ಗುಲಿಗೆ ತಗುಲಿ ಇನ್ನೊಂದಕ್ಕೆ ತಗುಲದೆ ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಸವೆದ ಪೊದೆಯಲ್ಲಿ ಓಲಾಡುವ ದಂಡವೂ ಹಾಗೆಯೇ ಒಂದು ಸಿಲಿಂಡರಿಗೆ ಮುಂಚೆ, ಇನ್ನೊಂದಕ್ಕೆ ತಡವಾಗಿ ಕಿಡಿ ಕೊಡುತ್ತದೆ. ಎಲೆಕ್ಟ್ರಾನಿಕ್ ಸಂವೇದಕವು ಈ ದೋಷವನ್ನು ತಗ್ಗಿಸೀತು, ಅಳಿಸಲಾರದು.

ಹೆಚ್ಚಾಗಿ ಕಣ್ತಪ್ಪಿಸುವ ದೋಷ ಇನ್ನೊಂದಿದೆ. ಹೊಸ ಸಂವೇದಕವು ಪಾಯಿಂಟುಗಳಿದ್ದ ಜಾಗದಲ್ಲಿಯೇ ಕೂರದಿದ್ದರೆ, ಕಿಡಿಯ ಹೊತ್ತಿಗೆ ರೋಟರಿನ ತುದಿಯು ಮುಚ್ಚಳದ ಮೊಳೆಗೆ ಎದುರಾಗಿರುವುದಿಲ್ಲ. ಕಿಡಿಯು ಉದ್ದನೆಯ ಅಂತರವನ್ನು ಹಾರಬೇಕಾಗಿ, ಕೆಲವೊಮ್ಮೆ ಪಕ್ಕದ ಮೊಳೆಗೇ ಹಾರುತ್ತದೆ. ವಿತರಕವನ್ನು ಇಡಿಯಾಗಿ ತಿರುಗಿಸಿದರೆ ಸಂವೇದಕವೂ ಮುಚ್ಚಳವೂ ಜೊತೆಯಲ್ಲಿಯೇ ತಿರುಗುವುದರಿಂದ ಇದು ಸರಿಹೋಗದು. ಹಳೆಯ ಮುಚ್ಚಳವೊಂದಕ್ಕೆ ಕಿಂಡಿ ಕೊರೆದು, ದೀಪದ ಬೆಳಕಿನಲ್ಲಿ ರೋಟರನ್ನು ನೋಡಿದರೆ ನಿಜಾಂಶ ತಿಳಿಯುತ್ತದೆ.

ವಿದ್ಯುತ್ತಿನ ಕಡೆಯ ಸಂಗತಿಗಳು ಸುಲಭ. ವಿತರಕದ ಒಡಲಿನಿಂದ ಬ್ಯಾಟರಿಗೆ ಹಿಂದಿರುಗುವ ದಾರಿ ಚೊಕ್ಕಟವಾಗಿರಬೇಕು. ಕಾಯಿಲಿನ ಪ್ರತಿರೋಧವು ಜೋಡಣೆಗೆ ಒಪ್ಪಬೇಕು. ತಾಮ್ರದ ಎಳೆಯ ಪ್ಲಗ್ ತಂತಿಗಳು ಎಬ್ಬಿಸುವ ಗದ್ದಲದಿಂದ ಸಂವೇದಕವು ತಪ್ಪು ಹೊತ್ತಿನಲ್ಲಿ ಎಚ್ಚರಗೊಳ್ಳುವುದರಿಂದ ಪ್ರತಿರೋಧವುಳ್ಳ ತಂತಿಗಳನ್ನೇ ಹಾಕಬೇಕು. ಬ್ರಿಟಿಷ್ ವಿನ್ಯಾಸದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಒಡಲಿಗೆ ಸೇರಿಸಿರುವುದುಂಟು. ಅಲ್ಲಿ ಸಾಮಾನ್ಯ ಸಂವೇದಕವನ್ನು ಜೋಡಿಸಿದರೆ ಮೊದಲ ಕ್ಷಣದಲ್ಲಿಯೇ ಸುಡುತ್ತದೆ.

ಕೊನೆಗೆ ಯಾವ ಅಂಕಿಗೆ ಕೂರಿಸಬೇಕು? ಕೈಪಿಡಿಯ ಅಂಕಿಯು ಕೈಪಿಡಿಯ ಎಂಜಿನಿಗೂ ಅಂದಿನ ಪೆಟ್ರೋಲಿಗೂ ಹೇಳಿದ್ದು. ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಎಥನಾಲು ನಾಕಿಂಗನ್ನು ತಡೆಯುತ್ತದೆ, ಆದರೆ ಕಾರ್ಬುರೇಟರಿನ ಹಳೆಯ ಅಳತೆಯಲ್ಲಿ ಮಿಶ್ರಣವನ್ನು ತೆಳುಮಾಡುತ್ತದೆ. ಆದುದರಿಂದ ಮೊದಲು ಮಿಶ್ರಣವನ್ನು ತಿದ್ದಿ, 3000 ಸುತ್ತಿನ ಒಟ್ಟು ಮುಂಗಡವನ್ನು 28 ಡಿಗ್ರಿಯ ಸುಮಾರಿನಿಂದ ಆರಂಭಿಸಿ, ಎರಡೆರಡು ಡಿಗ್ರಿ ಏರಿಸುತ್ತ, ಎಂಜಿನು ಚೆನ್ನಾಗಿ ಕಾದಿರುವಾಗ ರಸ್ತೆಯಲ್ಲಿ ಪರೀಕ್ಷಿಸುವುದು ಕ್ಷೇಮ. ಪರೀಕ್ಷೆಗೆ ಈ ನಾಲ್ಕು ಊರುಗಳಲ್ಲಿ ತಗ್ಗಿನಲ್ಲಿರುವ ಕನಕಪುರದ ಕಡೆಯ ಏರನ್ನೇ ಆರಿಸಿಕೊಳ್ಳಬೇಕು. ಶಕ್ತಿ ಹೆಚ್ಚುವುದು ನಿಂತಲ್ಲಿ ನಿಲ್ಲಿಸಬೇಕು. ಅದಕ್ಕೆ ಮೊದಲೇ ಸದ್ದು ಕೇಳಿದರೆ ಎರಡು ಮೂರು ಡಿಗ್ರಿ ಹಿಂದೆ ಸರಿದು, ಆ ಅಂಕಿಯನ್ನು ರಾಟೆಯ ಮೇಲೆ ಬಣ್ಣದಿಂದ ಗುರುತಿಸಿಡಬೇಕು.