ಅಜ್ಜಿ ಕೇಳದೆ ಉಳಿದ ರಾಗಗಳು

ಅಜ್ಜಿ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಅಮ್ಮ, ಅತ್ತೆ ಇಬ್ಬರೂ ಸೇರಿ ಅವರ ಟ್ರಂಕು ತೆಗೆದರು. ನಾಲ್ಕು ಇಳಕಲ್ಲ ಸೀರೆ, ಒಂದು ಕುಂಕುಮದ ಭರಣಿ, ರೇಡಿಯೋ ಲೈಸೆನ್ಸಿನ ಹಳೆಯ ಪುಸ್ತಕ. ಅದರ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಮೂರು ದಪ್ಪ ನೋಟ್‌ಬುಕ್ಕುಗಳು. ಸೀರೆಗಳನ್ನು ಮನೆಯ ಹೆಣ್ಣುಮಕ್ಕಳು ಹಂಚಿಕೊಂಡರು. ನೋಟ್‌ಬುಕ್ಕುಗಳು ಯಾರಿಗೂ ಬೇಕಾಗಿರಲಿಲ್ಲ, ನಾನು ತೆಗೆದುಕೊಂಡೆ. ಒಳಗಿದ್ದದ್ದು ಅಜ್ಜನ ಅಕ್ಷರ. ಚಿಕ್ಕವನಿದ್ದಾಗ ಹುಬ್ಬಳ್ಳಿಯ ಮನೆಯಲ್ಲಿ ಅಜ್ಜ ಅದರಲ್ಲಿ ಬರೆಯುವುದನ್ನು ಎಷ್ಟೋ ಸಲ ನೋಡಿದ್ದೆ. ಹಾಲಿನವನ ಲೆಕ್ಕ ಎಂದುಕೊಂಡಿದ್ದೆ.

ಅಜ್ಜಿಯ ಬಗ್ಗೆ ಮೊದಲು ಹೇಳಬೇಕು. ಹುಟ್ಟಿದ್ದು 1938ರಲ್ಲಿ, ಕುಂದಗೋಳದ ಹತ್ತಿರದ ಒಂದು ಹಳ್ಳಿಯಲ್ಲಿ. ಕುಂದಗೋಳ ಅಂದರೆ ಸವಾಯಿ ಗಂಧರ್ವರ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಅವರಲ್ಲಿ ಕಲಿಯಲು ಗದಗಿನ ಕಡೆಯಿಂದ ಹುಡುಗ ಭೀಮಸೇನ ಜೋಶಿ ಬಂದಿದ್ದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗಿ ಬರುತ್ತಿದ್ದರು. ಇದೆಲ್ಲ ಪುಸ್ತಕದಲ್ಲಿ ಓದಿ ತಿಳಿಯುವ ಮೊದಲೇ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಅವರು ಹೇಳುವಾಗ ಅದು ಚರಿತ್ರೆಯ ಹಾಗಲ್ಲ, ಪಕ್ಕದ ಓಣಿಯ ಸುದ್ದಿಯ ಹಾಗೆ ಇರುತ್ತಿತ್ತು.

ಊರಿಗೆ ಬರುತ್ತಿದ್ದ ಪೇಟಿ ಮಾಸ್ತರರ ಹತ್ತಿರ ಅಜ್ಜಿ ಎರಡು ವರ್ಷ ಕಲಿತರಂತೆ. ಹದಿಮೂರು ತುಂಬುತ್ತಲೇ ಅವರ ಅಪ್ಪ ಪಾಠ ಬಿಡಿಸಿದರು. ಮರ್ಯಾದಸ್ಥರ ಮನೆಯ ಹುಡುಗಿ ಹಾಡಬಾರದು ಎಂಬ ಕಾಲ. 1955ರಲ್ಲಿ ಮದುವೆ. ಅಜ್ಜ ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಸಂಗೀತದಲ್ಲಿ ಅವರು ಔರಂಗಜೇಬನ ವಂಶದವರು, ಇದು ಅಜ್ಜಿ ಕೊಟ್ಟ ಬಿರುದು. ಆರತಿಯ ಹಾಡಿಗೂ ತಪ್ಪಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಮನೆಗೆ ರೇಡಿಯೋ ತಂದವರು ಇದೇ ಅಜ್ಜ, 1961ರಲ್ಲಿ. ಆಗ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಧಾರವಾಡ ಆಕಾಶವಾಣಿ 1950ರಲ್ಲೇ ಶುರುವಾಗಿತ್ತು. ಮುಂದೆ ಮಲ್ಲಿಕಾರ್ಜುನ ಮನ್ಸೂರರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಶನಿವಾರ ರಾತ್ರಿ ದಿಲ್ಲಿಯಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರುತ್ತಿತ್ತು. ಅಡಿಗೆಮನೆಯ ಕೆಲಸ ಬಿಟ್ಟು ಬಂದು ಕೂಡುವಂಥ ಸೊಸೆ ಅಜ್ಜಿ ಆಗಿರಲಿಲ್ಲ, ಮನೆಯಲ್ಲಿ ಹನ್ನೊಂದು ಜನ. ಹೀಗಾಗಿ ರೇಡಿಯೋ ಪಡಸಾಲೆಯಲ್ಲಿ, ಅಜ್ಜಿಯ ಕಿವಿ ಬಾಗಿಲಿನಲ್ಲಿ, ಕೈ ಒಲೆಯ ಮುಂದೆ.

ತೊಂದರೆ ಏನೆಂದರೆ, ಒಗ್ಗರಣೆ ಚಟಪಟ ಎನ್ನುವಾಗಲೇ ನಿರೂಪಕರು ರಾಗದ ಹೆಸರು ಹೇಳಿಬಿಡುತ್ತಿದ್ದರು. ಯಾರು ಹಾಡಿದರು, ಯಾವ ರಾಗ ಎಂದು ತಿಳಿಯದೆ ಅಜ್ಜಿ ಚಡಪಡಿಸುತ್ತಿದ್ದರು. ಅದನ್ನು ನೋಡಿ ಅಜ್ಜ ನೋಟ್‌ಬುಕ್ ಹಿಡಿದು ರೇಡಿಯೋ ಮುಂದೆ ಕೂತರು. ಆಫೀಸಿಲ್ಲದ ಹೊತ್ತಿನಲ್ಲಿ, ಬೆಳಗ್ಗೆ ಮತ್ತು ರಾತ್ರಿ. ತಾರೀಖು, ವೇಳೆ, ಹಾಡಿದವರು, ರಾಗ. ಒಂದು ಸ್ವರದ ಗುರುತೂ ಇಲ್ಲದ ಮನುಷ್ಯ ಸುಮಾರು ನಲವತ್ತೈದು ವರ್ಷ ಇದನ್ನು ಬರೆದಿದ್ದಾರೆ.

ತಪ್ಪುಗಳಿಗೇನೂ ಕೊರತೆಯಿಲ್ಲ. ಶುದ್ಧ ಕಲ್ಯಾಣ ಅವರ ಪುಸ್ತಕದಲ್ಲಿ ‘ಶುಭ ಕಲ್ಯಾಣ’. ಮಾಲಕಂಸ ಮೊದಲ ಎರಡು ವರ್ಷ ‘ಮಾವ ಕಂಸ’. ಅದರ ಪಕ್ಕದಲ್ಲಿ ಪೆನ್ಸಿಲ್ಲಿನ ಇನ್ನೊಂದು ಅಕ್ಷರ ಕಂಡು ನಾನು ಓದುವುದು ನಿಲ್ಲಿಸಿದೆ. “ಕೃಷ್ಣನ ಮಾವ ಅಲ್ರೀ, ಮಾಲಕಂಸ.” ಅಜ್ಜಿಯದು. ಐದನೆಯ ಕಾಲಮ್ಮು ಅವರಿಗೆ ಬಿಟ್ಟಿದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದರೇನೋ. ‘ಛಲೋ ಆತು.’ ‘ತಾನು ಭಾಳ ಅವಸರ.’ ‘ಮೊದಲಿನ ಸಲದ್ದು ಇದಕ್ಕಿಂತ ಛಲೋ.’ ನಮ್ಮೆದುರು ಸಂಗೀತದ ಬಗ್ಗೆ ಒಂದು ಅಭಿಪ್ರಾಯವನ್ನೂ ಹೇಳದ ಅಜ್ಜಿ ಇಲ್ಲಿ ದೊಡ್ಡ ದೊಡ್ಡವರಿಗೆ ನಿಷ್ಠುರವಾಗಿ ಮಾರ್ಕ್ಸು ಕೊಟ್ಟಿದ್ದಾರೆ.

ನಗುತ್ತಲೇ ಪುಟ ತಿರುವುತ್ತಿದ್ದವನಿಗೆ ಇನ್ನೊಂದು ಮಾತು ಮತ್ತೆ ಮತ್ತೆ ಕಾಣತೊಡಗಿತು. ‘ಕೇಳಲಿಲ್ಲ.’

1978ರ ಒಂದು ಬೆಳಗ್ಗೆ. ಮಲ್ಲಿಕಾರ್ಜುನ ಮನ್ಸೂರ, ಶಿವಮತ ಭೈರವ. ಪಕ್ಕದಲ್ಲಿ: ‘ನಳ ಬಂತು. ಕೇಳಲಿಲ್ಲ.’ ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ದಿನಕ್ಕೊಮ್ಮೆ ಬರುವ ನೀರು ಯಾವ ರಾಗಕ್ಕೂ ಕಾಯುವುದಿಲ್ಲ. ‘ಬೀಗರು ಬಂದ್ರು. ಕೇಳಲಿಲ್ಲ.’ ‘ಅತ್ತಿಯವರಿಗೆ ಸಪ್ಪಳ ಬ್ಯಾಡಾಗಿತ್ತು.’ ‘ಸಣ್ಣಾವಗ ಜ್ವರ.’ ಆ ಸಣ್ಣವ ನನ್ನ ಚಿಕ್ಕಪ್ಪ. 2002ರ ಮಾರ್ಚಿನ ಒಂದು ಶನಿವಾರ: ಸಿತಾರ, ಬಾಗೇಶ್ರೀ. ‘ಮೊಮ್ಮಗನ ಪರೀಕ್ಷಾ. ದನಿ ತಗದ್ವಿ.’ ಅದು ನನ್ನ ಎಸ್ಸೆಸ್ಸೆಲ್ಸಿ. ಆ ರಾತ್ರಿ ನಾನು ಪಕ್ಕದ ಕೋಣೆಯಲ್ಲಿ ಗಣಿತ ಮಾಡುತ್ತಿದ್ದಿರಬೇಕು. ರೇಡಿಯೋ ಸಣ್ಣಗೆ ಮಾಡಿ ಎಂದು ನಾನೇ ಕೂಗಿದ್ದೆನೋ ಏನೋ, ನೆನಪಿಲ್ಲ. ನೆನಪಿಲ್ಲದಿರುವುದೇ ಹೆಚ್ಚು ಚುಚ್ಚುತ್ತದೆ.

ಒಂದು ಭಾನುವಾರ ಕೂತು ಎಣಿಸಿದೆ. ಇಂಥ ಸಾಲುಗಳು 214.

ಅಜ್ಜಿ ಸಿಡುಕಿಯಾಗಿರಲಿಲ್ಲ, ತ್ಯಾಗಮೂರ್ತಿಯೂ ಆಗಿರಲಿಲ್ಲ. ಮಾತು ಖಾರ. ಸಾರಿಗೆ ಉಪ್ಪು ಕಡಿಮೆ ಎಂದವರಿಗೆ ಉಪ್ಪಿನ ಡಬ್ಬಿಯನ್ನೇ ತಂದಿಡುತ್ತಿದ್ದರು. ಮೇಥಿ ಸೋಸುವಾಗ ಭೀಮಪಲಾಸ ಗುನುಗುವರು, ಯಾರಾದರೂ ಬಂದರೆ ಗಪ್ಪನೆ ನಿಲ್ಲಿಸುವರು. ಕಲಿಕೆ ನಿಂತದ್ದಕ್ಕೆ ಬೇಸರ ಇಲ್ಲವೇ ಎಂದು ಒಮ್ಮೆ ಕೇಳಿದ್ದೆ.

“ಹಾಡ್ಲಿಕ್ಕೆ ಬರಲಿಲ್ಲಂತ ನಾ ಅತ್ತಿಲ್ಲೋ ತಮ್ಮಾ. ಎಲ್ಲಾರೂ ಹಾಡಿದ್ರ ಕೇಳವ್ರು ಯಾರು? ಆದ್ರ ಕೇಳ್ಲಿಕ್ಕೂ ಸಿಗ್ಲಿಲ್ಲಂದ್ರ ಮಾತ್ರ ಹೊಟ್ಟ್ಯಾಗ ಕಸಿವಿಸಿ ಆಗ್ತಿತ್ತು.”

ಆಗ ಅದನ್ನು ಒಂದು ಚೆಂದದ ಮಾತು ಎಂದಷ್ಟೇ ಕೇಳಿಸಿಕೊಂಡೆ.

ನಾನು ಕೆಲಸಕ್ಕೆಂದು ಪುಣೆಗೆ ಬಂದದ್ದು 2010ರಲ್ಲಿ. ಮುಂದಿನ ಜನವರಿಯಲ್ಲಿ ಭೀಮಸೇನ ಜೋಶಿಯವರು ಇದೇ ಊರಿನಲ್ಲಿ ತೀರಿಕೊಂಡರು. ಅಂದು ಅಜ್ಜಿ ಫೋನು ಮಾಡಿ, “ನೀ ಹೋಗಿ ಬಂದಿಯೇನು?” ಎಂದು ಕೇಳಿದರು, ಬಂಧುಗಳ ಮನೆಯಲ್ಲಿ ಸಾವಾದರೆ ಕೇಳುವ ಹಾಗೆ. ಆಫೀಸಿನಲ್ಲಿ ರಿಲೀಸ್ ಇದೆ ಎಂದೆ. ಅವರು ಮುಂದೆ ಮಾತಾಡಲಿಲ್ಲ. 2012ರ ಡಿಸೆಂಬರಿನಲ್ಲಿ ಇಬ್ಬರನ್ನೂ ಕರೆಸಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಕರೆದುಕೊಂಡು ಹೋದೆ. ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಅದು. ಆಗಿನ್ನೂ ರಮಣಬಾಗ್ ಶಾಲೆಯ ಅಂಗಳದಲ್ಲೇ ನಡೆಯುತ್ತಿತ್ತು. ಕುರ್ಚಿ ಬೇಡವೆಂದು ಅಜ್ಜಿ ನೆಲದ ಮೇಲೆ ಜಮಖಾನೆಯಲ್ಲೇ ಕೂತರು. ಸಾವಿರಾರು ಜನ, ಒಬ್ಬರೂ ನಳ ಬಂತೆಂದು ಎಬ್ಬಿಸುವವರಿಲ್ಲ. ನಾಲ್ಕು ತಾಸು ಅಲ್ಲಾಡಲಿಲ್ಲ. ಅಜ್ಜ ಮಫ್ಲರು ಸುತ್ತಿಕೊಂಡು ತೂಕಡಿಸುತ್ತಿದ್ದವರು, ನಿರೂಪಕರ ದನಿ ಬಂದೊಡನೆ ಎಚ್ಚೆತ್ತು ಟಿಕೆಟ್ಟಿನ ಹಿಂದೆ ಏನೋ ಬರೆದುಕೊಂಡರು. ಏನಜ್ಜಾ ಎಂದರೆ, “ಸುಮ್ನ” ಎಂದರು. ಆ ಟಿಕೆಟ್ಟು ಮೂರನೆಯ ನೋಟ್‌ಬುಕ್ಕಿನ ಕೊನೆಯಲ್ಲಿ ಸಿಕ್ಕಿತು. ಅಜ್ಜಿ ಅದರ ಮೇಲೆ ಬರೆದಿದ್ದಾರೆ: ‘ಪೂರ್ತಿ ಕೇಳಿದೆ.’

2015ರಲ್ಲಿ ಹುಬ್ಬಳ್ಳಿಯ ಮನೆ ಮಾರಿ ಎಲ್ಲರೂ ಕೋಥ್ರೂಡಿನ ನಮ್ಮ ಫ್ಲ್ಯಾಟಿಗೆ ಬಂದರು. ಮನೆಯಲ್ಲಿ ಒಳ್ಳೆಯ ಸ್ಪೀಕರು, ಫೋನಿನಲ್ಲಿ ಜಗತ್ತಿನ ಸಂಗೀತವೆಲ್ಲ. ಬೇಕಾದ್ದು ಹಚ್ಚಿಕೋ ಎಂದು ಅಜ್ಜಿಗೆ ಫೋನು ಕೊಟ್ಟು ನಾನು ಹಿಂಜವಡಿಗೆ ಹೋಗಿಬಿಡುತ್ತಿದ್ದೆ. ಜೊತೆಗೆ ಕೂತು ಕೇಳಿದ್ದು ಕಡಿಮೆ. “ಒಂದಿನ ನಿನ್ನ ಹಾಡು ರೆಕಾರ್ಡ್ ಮಾಡ್ಬೇಕಜ್ಜಿ” ಎಂದು ಎಂಟು ವರ್ಷ ಹೇಳಿದೆ. ದಿನವಿಡೀ ಬೇರೆಯವರ ಡೇಟಾ ಮೂರು ಕಡೆ ಬ್ಯಾಕಪ್ ಇಡುವುದು ನನ್ನ ಉದ್ಯೋಗ. ಅಜ್ಜಿಯ ದನಿ ನನ್ನ ಬಳಿ ಇರುವುದು ನಲವತ್ತು ಸೆಕೆಂಡಿನ ಒಂದು ವಾಟ್ಸ್ಯಾಪ್ ವಿಡಿಯೋದಲ್ಲಿ. ಅದರಲ್ಲೂ ಅರ್ಧ ನಾನೇ ಮಾತಾಡುತ್ತಿದ್ದೇನೆ.

ಅಜ್ಜಿ 2023ರ ನವೆಂಬರಿನಲ್ಲಿ ಹೋದರು. ಅಜ್ಜನಿಗೆ ಈಗ 93. ನೋಟ್‌ಬುಕ್ಕು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ‘ಕೇಳಲಿಲ್ಲ’ ಎಂಬ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಇದನ್ನ ಆಕಿ ಕೇಳಿಲ್ಲ. ನಿನ್ನ ಫೋನ್ಯಾಗ ಸಿಗ್ತದೇನು?”

ಅಂದಿನ ಆ ಪ್ರಸಾರ ಸಿಗುವುದಿಲ್ಲ. ಆದರೆ ಅದೇ ಗಾಯಕರು, ಅದೇ ರಾಗ ಬಹಳಷ್ಟು ಸಲ ಸಿಗುತ್ತದೆ. ವಾರಕ್ಕೆ ಒಂದೆರಡು ರಾತ್ರಿ ಲ್ಯಾಪ್‌ಟಾಪು ಮುಚ್ಚಿ ಅಜ್ಜನ ಮಂಚದ ಪಕ್ಕ ಕೂಡುತ್ತೇನೆ. ಇಲ್ಲಿಯವರೆಗೆ 31 ಸಾಲು ಮುಗಿದಿವೆ. ನನಗೀಗ ಪೂರಿಯಾ ಯಾವುದು, ಮಾರವಾ ಯಾವುದು ಎಂದು ಅನುಮಾನವಾದರೂ ಬರುವಷ್ಟು ಕಿವಿ ತೆರೆದಿದೆ. ಅಜ್ಜನಿಗೆ ಇಂದಿಗೂ ಏನೂ ತಿಳಿಯುವುದಿಲ್ಲ. ಅರ್ಧಕ್ಕೇ ನಿದ್ದೆ ಹೋಗುತ್ತಾರೆ. ನಿಲ್ಲಿಸಿದರೆ ಮಾತ್ರ ಎಚ್ಚರವಾಗಿ, “ಯಾಕ, ನಳ ಬಂತೇನು?” ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಗುನುಗುವ ಅಜ್ಜಿಯೋ ಅಮ್ಮನೋ ಇದ್ದರೆ, ಈ ಭಾನುವಾರ ಫೋನು ಎದುರಿಗಿಟ್ಟು ರೆಕಾರ್ಡ್ ಒತ್ತಿ, ನೀವು ಸುಮ್ಮನಿರಿ. ದೂರದ ಊರಲ್ಲಿದ್ದರೆ ಫೋನು ಮಾಡಿ, ಕೇಳಬೇಕೆಂದು ಕೇಳದೆ ಉಳಿದದ್ದು ಯಾವುದೆಂದು ವಿಚಾರಿಸಿ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಓದಿ ತಿಳಿಯಬೇಕಾಯಿತು. ಇನ್ನೂ 183 ಸಾಲು ಇವೆ. ಅಜ್ಜ ಇರುವಾಗಲೇ ಎಷ್ಟಾಗುತ್ತದೋ ಅಷ್ಟು.